ಮನೆಯಲ್ಲೇ ಕಟ್ಟಿದ ಜಲಾಂತರ್ಗಾಮಿಯ ಮಾರಾಟ: ಕಾನೂನು ಸಲಹೆ ಬೇಕು

ಮಾನ್ಯರೇ,

ನಾನು ಕುಂಬಳೆಯ ಸಮೀಪ ವೆಲ್ಡಿಂಗ್ ಕೆಲಸ ಮಾಡುವವನು. ಬಿಡುವಿನ ವೇಳೆಯಲ್ಲಿ ಆರು ವರ್ಷ ದುಡಿದು, ಒಬ್ಬರು ಕುಳಿತುಕೊಳ್ಳಬಹುದಾದ ಪುಟ್ಟ ಜಲಾಂತರ್ಗಾಮಿಯೊಂದನ್ನು ಕಟ್ಟಿ, ಮಳೆನೀರು ತುಂಬಿದ ಮುರಕಲ್ಲಿನ ಕೋರೆಯಲ್ಲಿ ಮೂರು ಮೀಟರ್ ಆಳದವರೆಗೆ ಇಳಿಸಿ ನೋಡಿದ್ದೇನೆ. ಎರಡನೆಯ ಸಲ ಮುಚ್ಚಳದ ರಬ್ಬರ್ ವಾಷರಿನ ಅಂಚಿನಿಂದ ಒಂದೊಂದೇ ಹನಿ ಮೊಣಕಾಲಿನ ಮೇಲೆ ಬಿದ್ದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ವಾಷರ್ ಬದಲಾಯಿಸಿದ ಮೇಲೆ ಸೋರಿಲ್ಲ.

ಈಗ ಮಂಗಳೂರು ಕಡೆಯವರೊಬ್ಬರು ಇದನ್ನು ಕೊಳ್ಳಲು ಬಂದಿದ್ದಾರೆ. ‘ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ, ಮುಂದಿನ ಹೊಣೆ ನನ್ನದು’ ಎಂದು ಛಾಪಾ ಕಾಗದದಲ್ಲಿ ಬರೆದುಕೊಡಲು ಅವರು ಸಿದ್ಧರಿದ್ದಾರೆ. ಆದರೆ ಅವರು ಬೇರೆ ಯಾರನ್ನಾದರೂ ಒಳಗೆ ಕೂರಿಸಿ ಅನಾಹುತವಾದರೆ, ಆ ಕಾಗದಕ್ಕೆ ಸಹಿ ಹಾಕದ, ಒಳಗಿದ್ದವರ ಮನೆಯವರು ನನ್ನ ಮೇಲೆ ದಾವೆ ಹೂಡುವುದನ್ನು ಅದು ಹೇಗೆ ತಡೆಯುತ್ತದೆ? ಆಳಕ್ಕಿಳಿದಂತೆ ಪ್ರತಿ ಹತ್ತು ಮೀಟರಿಗೆ ನೀರಿನ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ; ನಾನು ಇಳಿಸಿ ನೋಡಿದ್ದು ಮೂರು ಮೀಟರ್ ಮಾತ್ರ. 2023ರ ಜೂನ್‌ನಲ್ಲಿ, ಯಾವ ಸಂಸ್ಥೆಯ ಪ್ರಮಾಣೀಕರಣವೂ ಇಲ್ಲದಿದ್ದ ‘ಟೈಟನ್’ ಎಂಬ ಪುಟ್ಟ ಜಲಾಂತರ್ಗಾಮಿ ಅಟ್ಲಾಂಟಿಕ್‌ನಲ್ಲಿ ನುಚ್ಚುನೂರಾಗಿ ಐವರು ಸತ್ತದ್ದನ್ನು ನೆನೆದರೆ ನಿದ್ದೆ ಬರುವುದಿಲ್ಲ.

1930ರ ಸರಕು ಮಾರಾಟ ಕಾಯ್ದೆಯಲ್ಲಿ ಕೊಳ್ಳುವವನೇ ಎಚ್ಚರವಹಿಸಬೇಕೆಂಬ ತತ್ತ್ವವಿದ್ದರೂ, ಮಾರುವವನ ಕೌಶಲವನ್ನು ನಂಬಿ ಕೊಂಡವರಿಗೆ ಅದರಲ್ಲೇ ರಕ್ಷಣೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ಒಂದೇ ಒಂದನ್ನು ಕಟ್ಟಿ ಮಾರುವ ನಾನು ‘ತಯಾರಕ’ನಾಗುತ್ತೇನೆಯೇ? ಸೋರಿದ ಸಂಗತಿಯನ್ನೂ ಪರೀಕ್ಷಿಸಿದ ಆಳವನ್ನೂ ಪತ್ರದಲ್ಲಿ ಬರೆದರೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಮುಂದೆ ಅದು ನೆರವಾದೀತೇ?

ನನಗೆ ಮಲಯಾಳ ಓದಲು ಸರಿಯಾಗಿ ಬಾರದು. ಕನ್ನಡದಲ್ಲಿ ಕರಾರುಪತ್ರ ಬರೆದುಕೊಡಬಲ್ಲ, ಕಾಸರಗೋಡು ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲರಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಮುಂಗಡ ಹಣ ಪಡೆಯುವುದಿಲ್ಲ.