ಅಪ್ಪ ಕವಳ (ಎಲೆ-ಅಡಿಕೆ) ಹಾಕುವುದನ್ನೇ ಬಿಟ್ಟಿದ್ದಾರೆ (ಡಾಕ್ಟರನ್ನು ಕೇಳಿ, ಜೂನ್ 2021)

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ:
ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 74 ವರ್ಷ. ಏಪ್ರಿಲ್ ಕೊನೆಗೆ ಅವರ ಬಾಲ್ಯದ ಗೆಳೆಯ ಕೊರೋನಾದಲ್ಲಿ ತೀರಿಕೊಂಡರು. ಮುಖ ನೋಡಲೂ ಆಗಲಿಲ್ಲ. ಅವತ್ತಿನಿಂದ ಅಪ್ಪ ತೋಟಕ್ಕೆ ಇಳಿದಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತು ಬಂದರೂ ಮಾತಿಲ್ಲ. ಊಟ ಎರಡು ತುತ್ತು. ತಟ್ಟೆಯಲ್ಲಿ ಕವಳದ ಎಲೆ ಬಾಡುತ್ತದೆ, ನಾನು ಹೊಸದು ಇಡುತ್ತೇನೆ, ಅದೂ ಬಾಡುತ್ತದೆ. ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ. ಮರೆವೂ ಜಾಸ್ತಿ. ಎಲ್ಲರೂ ಅರಳುಮರಳು ಅನ್ನುತ್ತಾರೆ. ನಿದ್ದೆ ಮಾತ್ರೆ ತರಲಾ?

ಡಾಕ್ಟರ್:
ನಿದ್ದೆ ಮಾತ್ರೆ ನೀವಾಗೇ ತರಬೇಡಿ. ಈ ವಯಸ್ಸಿನಲ್ಲಿ ಅದರ ಮಂಪರಿನಲ್ಲಿ ಬಚ್ಚಲಿಗೆ ಎದ್ದು, ಬಿದ್ದು ಸೊಂಟ ಮುರಿದುಕೊಳ್ಳುವವರು ಇದ್ದಾರೆ.

ನೀವು ಬರೆದದ್ದು ಓದಿದರೆ ನನಗೆ ಖಿನ್ನತೆಯ ಅನುಮಾನ. ದುಃಖ ಎಲ್ಲರಿಗೂ ಆಗುತ್ತದೆ. ಆದರೆ ಎರಡು ವಾರ ದಾಟಿದರೂ ಊಟ, ನಿದ್ದೆ, ಇಷ್ಟದ ಕೆಲಸ ಎಲ್ಲ ಬಿಟ್ಟುಹೋಗಿದ್ದರೆ ತೋರಿಸಲೇಬೇಕು. ಅರಳುಮರಳು ವರ್ಷಗಟ್ಟಲೆ ನಿಧಾನಕ್ಕೆ ಬರುವಂಥದ್ದು. ಖಿನ್ನತೆಯಲ್ಲೂ ಮರೆವು ಬರುತ್ತದೆ, ಚಿಕಿತ್ಸೆ ಕೊಟ್ಟರೆ ಅದು ಕಡಿಮೆಯಾಗುತ್ತದೆ. ವಯಸ್ಸಾಯ್ತು ಅಂತ ಕೈಬಿಡಬೇಡಿ, ದಯವಿಟ್ಟು. ಥೈರಾಯ್ಡ್, ಬಿ12, ಸೋಡಿಯಂ ರಕ್ತಪರೀಕ್ಷೆಯೂ ಆಗಲಿ.

ಒಂದು ಎಚ್ಚರ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲವಾದರೆ, ಹಗಲು ರಾತ್ರಿ ತಿಳಿಯದಿದ್ದರೆ, ಅದು ಬೇರೆ ವಿಷಯ. ವಯಸ್ಸಾದವರಲ್ಲಿ ಕೊರೋನಾ ಜ್ವರ, ಕೆಮ್ಮು ಇಲ್ಲದೆ ಹೀಗೂ ಶುರುವಾಗಬಹುದು. ಆಕ್ಸಿಮೀಟರ್ ಎಷ್ಟೇ ತೋರಿಸಲಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಗೆಳೆಯನ ಮಾತು ನೀವೇ ತೆಗೆಯಿರಿ. ಸಾವಿನ ಮನೆಗೆ ಹೋಗಿ, ಅಂಗಳದಲ್ಲಿ ಸುಮ್ನೆ ಕೂತು ಬರುವುದೂ ಈ ಸಲ ಆಗಲಿಲ್ಲ ಅಲ್ವಾ? ಅವರ ಮಗನಿಗೆ ಅಪ್ಪನಿಂದ ಒಂದು ಫೋನ್ ಮಾಡಿಸಿ. ಟಿವಿಯಲ್ಲಿ ದಿನವಿಡೀ ಸಾವಿನ ಲೆಕ್ಕ ಓಡುತ್ತಿದ್ದರೆ ಆರಿಸಿ. "ಸಾಯಬೇಕು ಅನ್ನಿಸುತ್ತದಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಕೂಡಲೇ ಕರೆದುಕೊಂಡು ಹೋಗಿ. ತೋಟದ ಔಷಧಿ ಇವತ್ತೇ ಬೀಗದೊಳಗೆ ಇಡಿ.

ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಈಗಿನ ಪರಿಸ್ಥಿತಿಯಲ್ಲಿ ವಿಚಾರಿಸಿಕೊಂಡೇ ಹೋಗಿ. ನಿಮ್ಹಾನ್ಸ್ ಸಹಾಯವಾಣಿಯೂ ಇದೆ: 080-46110007.

ಕುಮಟಾದಿಂದ ಒಬ್ಬರು:
ನಮ್ಮ ಅಮ್ಮನಿಗೆ ಕಿವಿ ಮಂದ. ಫೋನ್ ಕೊಟ್ಟರೆ ಬೇಡ ಅಂತಾರೆ. ಮಾತೇ ನಿಂತುಹೋಗಿದೆ.

ಡಾಕ್ಟರ್:
ಮಾಸ್ಕ್ ಬಂದ ಮೇಲೆ ತುಟಿ ನೋಡಿ ಅರ್ಥಮಾಡಿಕೊಳ್ಳುವುದೂ ತಪ್ಪಿತು, ಪಾಪ. ದಿನಕ್ಕೊಂದು ಸಲ ವಿಡಿಯೋ ಕಾಲ್ ಮಾಡಿ, ಬೆಳಕು ನಿಮ್ಮ ಮುಖದ ಮೇಲಿರಲಿ, ನಿಧಾನ ಮಾತಾಡಿ. ಕಿವಿಯಲ್ಲಿ ಗುಗ್ಗೆ ತುಂಬಿದೆಯಾ ಅಂತಲೂ ನೋಡಿಸಿ.

ಪ್ರಶ್ನೆ ಕೇಳಿದವರು, ಮೂರು ದಿನದ ಮೇಲೆ:
ಗುಡ್ಡ ಹತ್ತಿದರಷ್ಟೇ ಸಿಗ್ನಲ್, ಅದಕ್ಕೆ ತಡವಾಯ್ತು. ಅಪ್ಪನನ್ನು ಕೇಳಿದೆ. "ಸಾಯುವ ಯೋಚನೆ ಇಲ್ಲ ಮಗಾ. ಅವನ ಬಾಯಿಗೆ ಒಂದು ಹನಿ ನೀರು ಬಿಡಲೂ ಆಗಲಿಲ್ಲ" ಅಂತ ಅತ್ತರು. ಮೊದಲ ಸಲ ಅತ್ತದ್ದು. ಮಂಗಳವಾರ ಹೊರಟಿದ್ದೇವೆ.

ಡಾಕ್ಟರ್:
ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಖಿನ್ನತೆಗೆ ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮಧ್ಯೆ ಬಿಡಿಸಬೇಡಿ. ಹೋಗಿಬಂದು ಬರೆಯಿರಿ, ಕಾಯುತ್ತಿರುತ್ತೇನೆ.