ಬತ್ತುತ್ತಿರೋ ಬೋರಿಗೆ ಮಳೆನೀರು ಇಂಗಿಸಿದವರು ಯಾರಾದ್ರೂ ಇದ್ದೀರಾ?

ಮುಳಬಾಗಿಲು ರೈತ:
ಮೂರು ಎಕರೆ, ಟೊಮೇಟೊ ಮತ್ತೆ ಹಿಪ್ಪುನೇರಳೆ. ಅಪ್ಪ ಕೊರೆಸಿದ ಬೋರು 900 ಅಡಿ. ಏಪ್ರಿಲ್‌ನಿಂದ ಮೋಟರ್ ಹಾಕಿದ ಇಪ್ಪತ್ತೇ ನಿಮಿಷಕ್ಕೆ ಪೈಪು ಬುಸ್ ಬುಸ್ ಅಂತ ಗಾಳಿ ಉಗುಳುತ್ತೆ. ಇನ್ನೊಂದು ಕೊರೆಸೋಕೆ ಧೈರ್ಯ ಇಲ್ಲ, ಹಳೇ ಸಾಲವೇ ತೀರಿಲ್ಲ. ಮಳೆ ಬಂದ್ರೆ ಹೊಲದ ಮೂಲೆಯಲ್ಲಿ ಕೆಂಪು ನೀರು ಹರಿದುಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದನ್ನ ನೇರವಾಗಿ ಕೇಸಿಂಗ್ (ಬೋರಿನ ಬಾಯಿಗೆ ಇಳಿಸಿರೋ ದಪ್ಪ ಪೈಪು) ಒಳಗೆ ಬಿಡಬಹುದಾ?

ಚಳ್ಳಕೆರೆಯಿಂದ:
ಬೇಡವೇ ಬೇಡ ಅಣ್ಣ. ಆ ಮಣ್ಣು ಬಂಡೆಯ ಸಂದಿ ಮುಚ್ಚಿಬಿಡುತ್ತೆ, ಔಷಧಿ ಹೊಡೆದಿದ್ದೂ ಒಳಗಿಳಿಯುತ್ತೆ. ನಾನು ಕೇಸಿಂಗ್ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿದೆ. ಗುಂಡಿಯ ತಳದ ಹತ್ತಿರ ಕೇಸಿಂಗ್‌ಗೆ ಸಣ್ಣ ತೂತು ಕೊರೆದು, ನೈಲಾನ್ ಜಾಲರಿ ಬಿಗಿಯಾಗಿ ಸುತ್ತಿದೆ. ಕೆಳಗೆ ದಪ್ಪ ಕಲ್ಲು, ಆಮೇಲೆ ಜಲ್ಲಿ, ಮೇಲೆ ಮರಳು. ನೀರು ಬರೋ ದಾರಿಯಲ್ಲಿ ಹೂಳು ಕೂರೋಕೆ ಇನ್ನೊಂದು ಗುಂಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮರಳಿನ ಮೇಲ್ಪದರ ಕೆರೆದು ತೆಗೀತೀನಿ. ಎರಡನೇ ವರ್ಷ ಮೋಟರ್ ಹಾಕಿದ್ರೆ ಒಂದು ಗಂಟೆ ಬಿಡದೆ ನೀರು ಬಂತು.

ಕೋಲಾರದಿಂದ:
ಊರ ಕೆರೆ ಮರೀಬೇಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿದ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರೋಕೆ ಶುರುವಾಯ್ತು. ನಮ್ಮ ಕೆರೆ ತುಂಬಿದ ಮೇಲೆ ಪಕ್ಕದ ಬೋರು ಜೀವ ಹಿಡೀತು. ಕುಡಿಯೋಕೆ ಮಾತ್ರ ಪರೀಕ್ಷೆ ಮಾಡಿಸದೆ ಬಳಸಬೇಡಿ.

ಮುಳಬಾಗಿಲು ರೈತ:
ಲೆಕ್ಕ ಹಾಕಿದೆ. ಒಂದು ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ರೆ ಸುಮಾರು 40,000 ಲೀಟರ್! ಎಲ್ಲಾ ಹರಿದು ಬರಲ್ಲ, ಆದ್ರೂ. ಸೋಮವಾರ ಜೆಸಿಬಿಗೆ ಹೇಳ್ತೀನಿ. ಕೇಸಿಂಗ್ ಎಷ್ಟು ಅಡಿ ಇಳಿಸಿದ್ದಾರೆ ಅಂತ ಮೊದಲು ಅಪ್ಪನ್ನ ಕೇಳಬೇಕು.