ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದ ಕೂಡಲೇ ಯೋಚನೆ ಜಾಸ್ತಿಯಾಗುತ್ತಲ್ಲ, ಏನು ಮಾಡೋದು?

ಕಾಫಿತೋಟ, ಚಿಕ್ಕಮಗಳೂರು
ಯೋಚನೆಗಳನ್ನು ಸುಮ್ಮನೆ ಗಮನಿಸಿ ಅಂತಾರೆ. ಕೂತ ಎರಡೇ ನಿಮಿಷಕ್ಕೆ ಮನಸ್ಸು ಕಾಫಿ ರೇಟು, ಕೂಲಿ ಲೆಕ್ಕಕ್ಕೆ ಓಡುತ್ತೆ. ಗಮನಿಸೋದು ಅಂದ್ರೆ ನಿಜವಾಗಿ ಏನು ಮಾಡಬೇಕು?

ಮೌನಿ, ಹಾಸನ
ಯೋಚನೆ ಜಾಸ್ತಿಯಾಗಿಲ್ಲ, ಮೊದಲೇ ಇದ್ದದ್ದು ಈಗ ಕಾಣ್ತಿದೆ. ಹತ್ತು ನಿಮಿಷಕ್ಕೆ ಅಲಾರಂ ಇಡಿ, ಬೆನ್ನು ನೆಟ್ಟಗಿರಲಿ. ಮೊದಲ ಮೂರು ನಿಮಿಷ ಮೂಗಿನ ಹೊಳ್ಳೆಗೆ ಉಸಿರು ತಾಗುವ ಜಾಗವನ್ನಷ್ಟೇ ಗಮನಿಸಿ. ಉಸಿರನ್ನು ಎಳೆದು ಉದ್ದ ಮಾಡಬೇಡಿ. ಮನಸ್ಸು ಬೇರೆಲ್ಲೋ ಹೋಗಿದೆ ಅಂತ ಗೊತ್ತಾದಾಗ ಆ ಯೋಚನೆಗೆ ಮನಸ್ಸಲ್ಲೇ ಒಂದೇ ಪದದ ಹೆಸರಿಡಿ: ‘ಲೆಕ್ಕ’, ‘ಚಿಂತೆ’, ‘ನೆನಪು’. ಮತ್ತೆ ಉಸಿರಿಗೆ ವಾಪಸ್. ‘ಇದು ಯಾಕೆ ಬಂತು?’ ಅಂತ ಕೆದಕಿದರೆ ಅದೇ ಇನ್ನೊಂದು ಯೋಚನೆ. ಹೆಚ್ಚಿನವರು ಜಾರೋದು ಅಲ್ಲೇ.

ಬೆಟ್ಟದಹೂ
ಹೆಸರಿಟ್ಟರೂ ಬಿಡದಿದ್ದರೆ ಮೈಯಲ್ಲಿ ಹುಡುಕಿ. ರೇಟಿನ ಚಿಂತೆಗೆ ದವಡೆ ಬಿಗಿದಿರುತ್ತೆ, ಹೊಟ್ಟೆ ಹಿಡಿದಿರುತ್ತೆ. ಅಲ್ಲಿ ಗಮನ ನಿಲ್ಲಿಸಿ, ಸಡಿಲಿಸೋಕೆ ಹೋಗಬೇಡಿ. ಅವಸರ ಖಂಡಿತ ಬೇಡ: ಧ್ಯಾನಗುರು ಎಸ್.ಎನ್. ಗೋಯೆಂಕಾ ಪದ್ಧತಿಯ 10 ದಿನದ ವಿಪಶ್ಯನ ಧ್ಯಾನ ಶಿಬಿರದಲ್ಲೂ ಮೊದಲ ಮೂರು ದಿನ ಬರೀ ಉಸಿರು. ಊಟವಾದ ಮೇಲೆ ಕೂರಬೇಡಿ, ತೂಕಡಿಕೆ ಬರುತ್ತೆ.

ದಾರಿಹೋಕ, ಚನ್ನರಾಯಪಟ್ಟಣ
ಕೂರೋಕಾಗದವರು ನಡೆದೂ ಮಾಡಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲಿವೆ, ಬರಿಗಾಲಲ್ಲೇ ಹತ್ತಬೇಕು. ಕಲ್ಲು ಕಾಯುವ ಮುಂಚೆ, ಬೆಳಗ್ಗೆಯೇ ಹೋಗಿ. ಪ್ರತಿ ಮೆಟ್ಟಿಲಿಗೂ ಅಂಗಾಲಿನ ತಂಪು ಗಮನಿಸಿ.

ಮೌನಿ, ಹಾಸನ
ಒಂದು ಎಚ್ಚರಿಕೆ. ಕೂತಾಗ ಎದೆ ಡವಗುಟ್ಟಿ ಭಯವಾದರೆ ಹಠ ಬೇಡ, ಕಣ್ಣು ಬಿಟ್ಟು ಎದ್ದು ಓಡಾಡಿ. ಎರಡು ವಾರ ನಿದ್ದೆ, ಊಟ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.